ನಾನು ಟಿವಿಯಲ್ಲಿ ಕೆಟ್ಟವನಾಗಿದ್ದ ಮಳೆಗಾಲ

ಕಳೆದ ವಾರ ಮಣಿಪಾಲದಲ್ಲಿ ನಾಲ್ಕು ಹುಡುಗಿಯರು ನನ್ನ ಬಸ್ಸಿಗೆ ಹತ್ತಿದರು. ಕಾಲೇಜ್ ಡೇ ಇರಬೇಕು. ಮುಖಕ್ಕೆ ಬಣ್ಣ, ತಲೆಗೆ ಹೂ, ಕೂದಲು ಅಲುಗದ ಹಾಗೆ ಹೊಡೆದುಕೊಂಡ ಸ್ಪ್ರೇ. ಹೊರಗೆ ಮಳೆ, ಗಾಜೆಲ್ಲ ಹಾಕಿತ್ತು, ಆ ಸ್ಪ್ರೇಯ ಘಾಟು ಇಡೀ ಬಸ್ಸಿನಲ್ಲಿ ತುಂಬಿಕೊಂಡಿತು. ನಾನು ಟಿಕೆಟ್ ಕೊಡುತ್ತಾ ಕೊಡುತ್ತಾ ಕಂಬ ಹಿಡಿದು ನಿಂತುಬಿಟ್ಟೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಎಂತ ಸದಾಣ್ಣ, ತಲೆ ತಿರುಗುತ್ತದಾ ಎಂದು ಕೇಳಿದ. ತಲೆ ತಿರುಗಿದ್ದಲ್ಲ. ಬೆಂಗಳೂರಿನ ಒಂದು ಗ್ರೀನ್ ರೂಮ್ ನೆನಪಾದದ್ದು, ಅದರ ಹಿಂದೆಯೇ ನಾಲ್ಕು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ನೆನಪಾದದ್ದು.

ನಾನು ಕಾರ್ಕಳ–ಉಡುಪಿ ಲೈನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ, ಉಡುಪಿ, ಮತ್ತೆ ವಾಪಸ್ಸು. ಮನೆ ಹಿರಿಯಡ್ಕದಲ್ಲಿ. ಮನೆ ಎಂದರೆ ಅಕ್ಕ ವಸಂತಿಯ ಮನೆ. ಬಾವ ಬಹರೈನಿನಲ್ಲಿ, ಎರಡು ವರ್ಷಕ್ಕೊಮ್ಮೆ ಬಂದು ಒಂದು ತಿಂಗಳು ನೆಂಟರ ಹಾಗೆ ಇದ್ದು ಹೋಗುತ್ತಾರೆ, ಪಾಪ. ನಾನು ಮದುವೆ ಆಗಲಿಲ್ಲ. ಕೇಳಿದವರಿಗೆ ಟೈಮಿಂಗ್ ಸಿಗಲಿಲ್ಲ ಎನ್ನುತ್ತೇನೆ, ಅವರು ನಗುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ನಮ್ಮ ಜನರಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು. ಅಕ್ಕನ ಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಒಂದು ಮಾತು ಮಾವನದ್ದು ಹೆಚ್ಚು. ಅಕ್ಕನಿಗೆ ಇರುವುದು ಒಬ್ಬಳೇ ಮಗಳು, ಶ್ರಾವ್ಯ. ಅವಳಿಗೆ ನಾನು ಮಾಮ. ಅವಳನ್ನು ಅಂಗನವಾಡಿಗೆ ಬಿಟ್ಟದ್ದು, ಜ್ವರ ಬಂದಾಗ ಮಣಿಪಾಲದ ಆಸ್ಪತ್ರೆಯಲ್ಲಿ ಕೂತದ್ದು, ಪೇರೆಂಟ್ಸ್ ಮೀಟಿಂಗಿಗೆ ಯೂನಿಫಾರ್ಮಿನಲ್ಲೇ ಹೋದದ್ದು, ಎಲ್ಲ ನಾನೇ. ಹೇಳಿಕೊಳ್ಳುವುದಲ್ಲ, ಆದರೂ ಹೇಳುತ್ತೇನೆ.

ಅವಳಿಗೆ ಡ್ಯಾನ್ಸ್ ಎಂದರೆ ಪ್ರಾಣ. ಕಾಪುವಿನಲ್ಲಿ ಒಬ್ಬರು ಟೀಚರ್, ಬೀಚಿಗೆ ಹೋಗುವ ರಸ್ತೆಯಲ್ಲಿ ಒಂದು ಕಟ್ಟಡದ ಮೇಲೆ ಶೀಟು ಹಾಕಿ ಕ್ಲಾಸ್ ನಡೆಸುತ್ತಾರೆ. ಮಳೆ ಜೋರಾದರೆ ಹಾಡು ಕೇಳಿಸುವುದಿಲ್ಲ, ಟೀಚರ್ ಕೈತಟ್ಟಿ ತಾಳ ಹಾಕಬೇಕು. ಹಿರಿಯಡ್ಕದಿಂದ ಉಡುಪಿಗೆ ನನ್ನ ಬಸ್ಸು. ಅಲ್ಲಿಂದ ಕಾಪುವಿನ ಬಸ್ಸಿನ ಕಂಡಕ್ಟರ್‌ನ ಕೈಗೆ ಅವಳ ಡ್ರೆಸ್ಸಿನ ಬ್ಯಾಗ್ ಕೊಟ್ಟು, ಹುಡುಗಿಯನ್ನು ಕ್ಲಾಸಿನ ಎದುರೇ ಇಳಿಸು ಮಾರಾಯ ಎಂದು ಹೇಳಿ ಬರುತ್ತಿದ್ದೆ. ಆದ್ದರಿಂದ ಅವಳು ಫಸ್ಟ್ ಪಿಯುಸಿಯಲ್ಲಿದ್ದಾಗ ಟಿವಿಯ ಡ್ಯಾನ್ಸ್ ಸ್ಪರ್ಧೆಗೆ ಆಯ್ಕೆ ಆದ ದಿವಸ ನಾನು ಬಸ್ಸಿನಲ್ಲಿ ಎಲ್ಲರಿಗೂ ಚಾಕಲೇಟ್ ಹಂಚಿದೆ. ಅದರಲ್ಲಿ ನನ್ನದೂ ಒಂದು ಪಾಲು ಉಂಟು ಎಂದೇ ನಂಬಿದ್ದೆ.

ಜೂನ್ ತಿಂಗಳಲ್ಲಿ ಟಿವಿಯವರು ಮನೆಗೆ ಬಂದರು. ಡ್ಯಾನ್ಸ್ ಶುರುವಾಗುವ ಮೊದಲು ಆ ಮಗುವಿನ ಮನೆ, ಕಷ್ಟ, ಕಣ್ಣೀರು ಎಲ್ಲ ತೋರಿಸುತ್ತಾರಲ್ಲ, ಮೂರು ನಿಮಿಷದ ಕಥೆ, ಅದನ್ನು ಶೂಟ್ ಮಾಡಲು. ನಾಲ್ಕು ಜನ, ಒಂದು ವ್ಯಾನ್, ಮಳೆಗೆ ಕ್ಯಾಮರಾದ ಮೇಲೆ ಹಿಡಿಯಲು ಎರಡು ದೊಡ್ಡ ಕೊಡೆ. ಅವರಿಗೆಲ್ಲ ದಿವ್ಯಾ ಮೇಡಂ ಎನ್ನುವವರು ಹೆಡ್. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಬಾಯಿ ತುಂಬ ಅಂಕಲ್, ಅಂಕಲ್. ಮೊದಲು ಶ್ರಾವ್ಯಳ ಹತ್ತಿರ ಒಳಗಿನ ಕೋಣೆಯಲ್ಲಿ ಕೂತು ಒಂದು ಗಂಟೆ ಮಾತಾಡಿದರು. ಆಮೇಲೆ ಅಕ್ಕನ ಹತ್ತಿರ. ಕೊನೆಗೆ ನನ್ನನ್ನು ಜಗಲಿಗೆ ಕರೆದು, ಅಂಕಲ್, ತಪ್ಪು ತಿಳಿಯಬೇಡಿ, ಕಥೆಗೆ ಒಂದು ವಿರೋಧ ಬೇಕು, ಮನೆಯಲ್ಲಿ ಒಬ್ಬರು ಬೇಡ ಎನ್ನುವವರು ಇರಬೇಕು, ನೀವು ಆಗುತ್ತೀರಾ ಎಂದು ಕೇಳಿದರು.

ನನಗೆ ಮೊದಲು ನಗು ಬಂತು. ನನ್ನ ಮೀಸೆ ನೋಡಿ ಕೇಳಿದ್ದು ಎಂದುಕೊಂಡೆ. ಬಾವನನ್ನು ಮಾಡಿ, ಅವರು ಹೇಗೂ ಊರಿನಲ್ಲಿಲ್ಲ ಎಂದೆ. ಇಲ್ಲ, ಮಾವನೇ ಆಗಬೇಕು, ನಿಮ್ಮ ಕಡೆ ಮಾವನ ಮಾತು ನಡೆಯುವುದಂತೆ, ಹಾಗಿದ್ದರೆ ಅದು ಹೊಸತಾಗಿ ಕಾಣುತ್ತದೆ ಎಂದರು. ಆ ಮಾತಿಗೆ ನಾನು ಬಿದ್ದೆ. ಹೌದಲ್ಲ, ಮಾವ ಇರುವುದು ಮತ್ತೆ ಎಂತಕ್ಕೆ? ಹುಡುಗಿಗೆ ಓಟು ಬರುತ್ತದೆ ಎಂದಾದರೆ ಕೆಟ್ಟ ಹೆಸರು ಹೊರಬೇಕಾದವನು ನಾನೇ. ಅದೂ ಅಲ್ಲದೆ, ಈ ಲೈನಿನಲ್ಲಿ ನನ್ನನ್ನು ಗೊತ್ತಿಲ್ಲದವರು ಯಾರು? ಅವಳ ಬ್ಯಾಗ್ ಹಿಡಿದು ನಾನು ಓಡಿದ್ದನ್ನು ಕಣ್ಣಾರೆ ನೋಡಿದವರು ಟಿವಿ ನೋಡಿ ನಂಬುತ್ತಾರಾ? ಇಷ್ಟು ವರ್ಷ ಬಸ್ಸಿನಲ್ಲಿ ಜನರನ್ನು ನೋಡಿಯೂ ನಾನು ಹಾಗೆ ಯೋಚಿಸಿದ್ದು. ನನ್ನಷ್ಟು ಪೆದ್ದ ಬೇರೆ ಇಲ್ಲ.

ಶೂಟಿಂಗ್ ಇಷ್ಟೇ: ಶ್ರಾವ್ಯ ಜಗಲಿಯಲ್ಲಿ ಗೆಜ್ಜೆ ಕಟ್ಟುತ್ತಿರುತ್ತಾಳೆ, ನಾನು ಯೂನಿಫಾರ್ಮಿನಲ್ಲಿ ಬಂದು ಗೆಜ್ಜೆ ಕಿತ್ತು ಅಂಗಳದ ಕೆಸರಿಗೆ ಬಿಸಾಡುತ್ತೇನೆ. ಬಿಸಾಡಿದೆ. ಕೋಪ ಸಾಲುವುದಿಲ್ಲ ಅಂಕಲ್ ಎಂದರು. ಮತ್ತೆ ತೊಳೆದು, ಒರೆಸಿ, ಮತ್ತೆ ಬಿಸಾಡಿದೆ. ಹೀಗೆ ಏಳು ಸಲ. ಐದನೆಯ ಸಲಕ್ಕೆ ಅಕ್ಕ ಎದ್ದು ಒಳಗೆ ಹೋದಳು, ತನಗೆ ನೋಡಲಿಕ್ಕೆ ಆಗುವುದಿಲ್ಲ ಎಂದು. ಶ್ರಾವ್ಯ ಮಾತ್ರ ಕೂತಲ್ಲೇ ಕೂತಿದ್ದಳು. ನಾನು ಕೈ ಚಾಚಿದಾಗಲೆಲ್ಲ ಅವಳ ಭುಜ ಹಿಂದೆ ಸರಿಯುತ್ತಿತ್ತು, ಏಳು ಸಲವೂ. ಹುಡುಗಿ ಎಷ್ಟು ಚೆನ್ನಾಗಿ ಮಾಡುತ್ತಾಳಪ್ಪ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ.

ಜುಲೈಯಲ್ಲಿ ಒಂದು ಶನಿವಾರ ಸಂಜೆ ಅದು ಬಂತು. ಸೋಮವಾರ ಮೊದಲ ಟ್ರಿಪ್ಪಿನಲ್ಲೇ ಗೊತ್ತಾಯಿತು. ಬೈಲೂರಿನಲ್ಲಿ ದಿನಾ ಹತ್ತುವ ಒಬ್ಬರು ಅಜ್ಜಿ ಇದ್ದರು. ಮಂಡಿನೋವು, ನನ್ನ ಕೈ ಹಿಡಿಯದೆ ಮೆಟ್ಟಿಲು ಏರುವವರಲ್ಲ. ಆ ದಿವಸ ನಾನು ಕೈ ಕೊಟ್ಟರೆ ನೋಡದ ಹಾಗೆ ಮಾಡಿ, ಒದ್ದೆ ಕಂಬ ಹಿಡಿದು, ಉಸಿರು ಬಿಡುತ್ತಾ ತಾವೇ ಹತ್ತಿದರು. ಕಾಲೇಜಿನ ಹುಡುಗಿಯರು ಹಿಂದಿನ ಸೀಟಿನಲ್ಲಿ ಪಿಸಪಿಸ ಎಂದರು. ಪರ್ಕಳದಲ್ಲಿ ಇಳಿಯುವ ಒಬ್ಬ ಮೇಷ್ಟ್ರು ಚಿಲ್ಲರೆಗೆ ಕಾಯುತ್ತಾ, ಕಾಲ ಬದಲಾಗಿದೆ ಮಾರಾಯ್ರೆ, ಹೆಣ್ಣುಮಕ್ಕಳನ್ನು ಹಾಗೆಲ್ಲ ಮಾಡಬಾರದು ಎಂದು ನನಗೆ ಬುದ್ಧಿ ಹೇಳಿದರು. ಅದು ಟಿವಿಯವರು ಮಾಡಿಸಿದ್ದು ಸಾರ್ ಎಂದೆ. ಅವರು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ ಇಳಿದುಹೋದರು.

ಹಿರಿಯಡ್ಕದಲ್ಲಿ ಇಬ್ರಾಹಿಂ ಬ್ಯಾರಿಯವರ ಬೇಕರಿ ಉಂಟು. ಬಸ್ಸು ನಿಲ್ಲುವ ಮೂರು ನಿಮಿಷದಲ್ಲಿ ನನಗೆ ಅಲ್ಲಿಯೇ ಚಹಾ. ಶ್ರಾವ್ಯಳ ಡ್ರೆಸ್ಸಿನ ಬ್ಯಾಗ್ ಎಷ್ಟೋ ದಿವಸ ಅವರ ಕೌಂಟರಿನ ಅಡಿಯಲ್ಲೇ ಇರುತ್ತಿತ್ತು. ಅವರಾದರೂ ನಗುತ್ತಾರೆ ಎಂದು ಹೋದೆ. ಚಹಾ ಇಟ್ಟರು. "ಸದಾಣ್ಣ, ನಿಮ್ಮನ್ನು ನನಗೆ ಗೊತ್ತು. ಆದರೂ ಕೇಳುತ್ತೇನೆ, ಯಾಕೆ ಹಾಗೆ ಮಾಡಿದಿರಿ?" ಎಂದರು. ನಾನು ಚಹಾ ಅರ್ಧಕ್ಕೆ ಬಿಟ್ಟು ಬಂದು ವಿಸಿಲ್ ಹೊಡೆದೆ. ಆ ಬ್ಯಾಗ್ ಕೈಯಾರೆ ತೆಗೆದಿಟ್ಟ ಮನುಷ್ಯನೇ ಹೀಗೆ ಕೇಳಿದರೆ ಇನ್ನು ಯಾರ ಹತ್ತಿರ ಎಂತ ಹೇಳುವುದು?

ಆಷಾಢದ ಆ ಆಟಿ ತಿಂಗಳು ಮಳೆ ಬಿಡಲೇ ಇಲ್ಲ. ನನಗೆ ಬಸ್ಸು ಬೇಡ ಎನಿಸಿಬಿಟ್ಟಿತ್ತು. ಸಣ್ಣ ಸಣ್ಣ ವಿಷಯಕ್ಕೆ ಜನರ ಮೇಲೆ ಹಾರಾಡುತ್ತಿದ್ದೆ, ಆಗ ಅವರು, ನೋಡಿದಿರಾ, ಟಿವಿಯಲ್ಲಿ ತೋರಿಸಿದ್ದು ಸುಳ್ಳಲ್ಲ ಎನ್ನುತ್ತಿದ್ದರು. ಶ್ರಾವ್ಯ ವಾರದಲ್ಲಿ ಮೂರು ದಿವಸ ಬೆಂಗಳೂರಿನಲ್ಲಿ, ಜೊತೆಗೆ ಅಕ್ಕ. ನಾನು ಒಬ್ಬನೇ ಗಂಜಿ ಬೇಯಿಸಿಕೊಂಡು, ಶನಿವಾರ ಭಾನುವಾರ ಡ್ಯೂಟಿ ಬದಲಾಯಿಸಿಕೊಂಡು ಟಿವಿ ಎದುರು ಕೂರುತ್ತಿದ್ದೆ. ಪ್ರತಿ ವಾರ ಅದೇ ಗೆಜ್ಜೆ ಬಿಸಾಡುವ ಚೂರು ತೋರಿಸಿ, ಆಮೇಲೆ ಅವಳ ಡ್ಯಾನ್ಸ್. ಅವಳು ಕುಣಿಯುವುದನ್ನು ನೋಡಿದರೆ ನನಗೆ ಎಲ್ಲ ಮರೆತುಹೋಗುತ್ತಿತ್ತು. ಊರು ಎಂತ ಬೇಕಾದರೂ ಹೇಳಲಿ, ಈ ಹುಡುಗಿಗೆ ನಾನು ಎಂಥವನೆಂದು ಗೊತ್ತುಂಟಲ್ಲ, ಅಷ್ಟು ಸಾಕು ಎಂದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಎರಡು ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ ನಂಬಿಕೆ.

ಆಗಸ್ಟಿನಲ್ಲಿ ದಿವ್ಯಾ ಮೇಡಂ ಫೋನ್ ಮಾಡಿದರು. ಕುಟುಂಬದವರನ್ನು ಸ್ಟೇಜಿಗೆ ಕರೆಯುವ ವಾರವಂತೆ. ಅಂಕಲ್, ನೀವು ಬಂದು ಶ್ರಾವ್ಯಳ ಹತ್ತಿರ ಕ್ಷಮೆ ಕೇಳಿ ನಿಮ್ಮ ಕೈಯಿಂದಲೇ ಗೆಜ್ಜೆ ಕಟ್ಟಬೇಕು, ಆಮೇಲೆ ನೋಡಿ, ಜನ ನಿಮ್ಮನ್ನು ಎತ್ತಿಕೊಂಡು ಮೆರೆಸುತ್ತಾರೆ ಎಂದರು. ನಾನು ಹಾರಿ ಹೋದೆ ಎಂದರೂ ತಪ್ಪಿಲ್ಲ. ಮೆರೆಸುವುದು ಬೇಡ, ಆ ಅಜ್ಜಿ ನನ್ನ ಕೈ ಹಿಡಿದು ಬಸ್ಸು ಹತ್ತಿದರೆ ಸಾಕಿತ್ತು.

ಬೆಂಗಳೂರಿನ ಆ ಸ್ಟುಡಿಯೋ, ಗೋದಾಮಿನಂಥ ಕಟ್ಟಡ. ಗ್ರೀನ್ ರೂಮಿನಲ್ಲಿ ಇಪ್ಪತ್ತು ಮಕ್ಕಳು, ಅವರ ಅಮ್ಮಂದಿರು, ಕೂದಲ ಸ್ಪ್ರೇಯ ಮೋಡ. ನನಗೆ ಕೆಮ್ಮು ಬಂದು ಕಣ್ಣಲ್ಲಿ ನೀರು. ಇದು ಒಳ್ಳೆಯದಾಯಿತು, ಒರೆಸಬೇಡಿ ಎಂದು ಒಬ್ಬ ಹೇಳಿದ. ಚೀಟಿಯಲ್ಲಿ ಮಾತು ಬರೆದು ಕೊಟ್ಟಿದ್ದರು. ನೆಲದಲ್ಲಿ ಬಿಳಿ ಟೇಪು ಅಂಟಿಸಿದಲ್ಲಿ ನಿಲ್ಲಬೇಕು, ಸಂಗೀತ ಶುರುವಾದ ಮೇಲೆ ಮಂಡಿಯೂರಬೇಕು. ನಮ್ಮಲ್ಲಿ ದೊಡ್ಡವರು ಸಣ್ಣವರ ಕಾಲು ಮುಟ್ಟುವ ಕ್ರಮ ಇಲ್ಲ. ಎದುರಿನ ಸಾಲಿನಲ್ಲಿ ಕೂತಿದ್ದ ಅಕ್ಕ ತಲೆ ತಗ್ಗಿಸಿದ್ದು ಕಾಣುತ್ತಿತ್ತು. ನನಗೆ ಅದೆಲ್ಲ ಲಕ್ಷ್ಯವೇ ಇಲ್ಲ. ಚೀಟಿಯ ಮಾತು ಮರೆಯಬಾರದು, ಟೇಪು ದಾಟಬಾರದು, ಇದೇ ಚಿಂತೆ. ಮಂಡಿಯೂರಿದೆ, ಗೆಜ್ಜೆ ಕಟ್ಟಿದೆ, "ಮಗಾ, ನನ್ನದು ತಪ್ಪಾಯಿತು. ನಿನ್ನನ್ನು ತಡೆಯಲು ನಾನು ಯಾರು?" ಎಂದೆ. ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಸರಾಗ ಬಂತು.

ಅವಳು ಪರವಾಗಿಲ್ಲ ಮಾಮ ಎಂದು ನನ್ನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ತಾನೂ ನೆಲಕ್ಕೆ ಕುಸಿದು ನನ್ನ ಹೆಗಲಿಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಇದೊಂದು ಮಾತು ಹೇಳಿದ್ದರೆ ಸಾಕಿತ್ತು ಮಾಮ" ಎಂದಳು. ಅದು ಚೀಟಿಯಲ್ಲಿ ಇರಲಿಲ್ಲ. ಎಷ್ಟು ಚಂದ ಸೇರಿಸಿದಳು ನೋಡು ಎಂದು ನನಗೆ ಅನಿಸಿತು. ತೀರ್ಪುಗಾರರು ಎದ್ದು ನಿಂತು ಕಣ್ಣೊರೆಸಿಕೊಂಡರು, ಇಡೀ ಸಭೆ ಚಪ್ಪಾಳೆ ತಟ್ಟಿತು, ನಾನು ಕೈಮುಗಿದು ನಾಲ್ಕು ದಿಕ್ಕಿಗೂ ತಿರುಗಿದೆ.

ಅದು ಟಿವಿಯಲ್ಲಿ ಬಂದ ಮೇಲೆ ಲೈನೇ ಬದಲಾಯಿತು. ಅಜ್ಜಿ ನನ್ನ ಕೈ ಹಿಡಿದು ಹತ್ತಿದ್ದಲ್ಲದೆ, ಮನೆಯಲ್ಲಿ ಮಾಡಿದ ಪತ್ರೊಡೆ ತಂದುಕೊಟ್ಟರು. ಮೇಷ್ಟ್ರು, ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಗುಣ ಎಂದು ಹೆಗಲು ತಟ್ಟಿದರು. ನಾನು ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆಯನ್ನು ಹಲ್ಲು ಕಿರಿದು ತೆಗೆದುಕೊಂಡೆ. ಅದರ ಮುಂದಿನ ವಾರವೇ ಶ್ರಾವ್ಯ ಹೊರಗೆ ಬಿದ್ದಳು. ಫೈನಲ್‌ಗೆ ಎರಡೇ ಮೆಟ್ಟಿಲು ಇತ್ತು.

ಅವಳು ಊರಿಗೆ ಬಂದ ದಿವಸ ಅಕ್ಕನಿಗೆ ಉಡುಪಿಯಲ್ಲಿ ಏನೋ ಕೆಲಸವಿತ್ತು. ಹುಡುಗಿ ಒಬ್ಬಳೇ ನನ್ನ ಬಸ್ಸು ಹತ್ತಿದಳು. ಮಧ್ಯಾಹ್ನದ ಟ್ರಿಪ್, ಮಣಿಪಾಲ ದಾಟಿದ ಮೇಲೆ ಬಸ್ಸು ಮುಕ್ಕಾಲು ಖಾಲಿ. ಸೋತ ಬೇಸರದಲ್ಲಿ ಇದ್ದಾಳೆ, ಸ್ವಲ್ಪ ನಗಿಸೋಣ ಎಂದು ಅವಳ ಪಕ್ಕದಲ್ಲಿ ಕೂತು, ಆ ದಿವ್ಯಾ ಮೇಡಂ ಎಂಥ ಕಥೆ ಕಟ್ಟಿದರು ಮಾರಾಯ್ತಿ, ಆ ಕೆಸರು, ಆ ಗೆಜ್ಜೆ, ನನಗಂತೂ ಸಾಕಾಯಿತು ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಕಥೆ ಅವರು ಕಟ್ಟಿದ್ದಲ್ಲ ಮಾಮ. ಮನೆಯಲ್ಲಿ ಯಾರಾದರೂ ತಡೆದದ್ದು ಉಂಟಾ ಎಂದು ಕೇಳಿದರು. ನಾನು ನಿಮ್ಮ ಹೆಸರು ಹೇಳಿದೆ. ಹುಲಿಯ ಬಣ್ಣವೆಲ್ಲ ಮಳೆಯಲ್ಲಿ ಶೂಟ್ ಮಾಡಲು ಆಗುವುದಿಲ್ಲ ಎಂದು ಅವರು ಗೆಜ್ಜೆ ಮಾಡಿದ್ದು, ಅಷ್ಟೇ."

ಹುಲಿ ಎಂದ ಕೂಡಲೇ ನನಗೆ ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳು. ಅದು ನನಗೆ ಒಂದು ತಮಾಷೆಯಾಗಿ ನೆನಪಿತ್ತು. ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಕಾಪುವಿನ ಕ್ಲಾಸಿನ ಹುಡುಗಿಯರೆಲ್ಲ ಸೇರಿ ಉಡುಪಿಯ ಕೃಷ್ಣಾಷ್ಟಮಿಗೆ ಹುಲಿವೇಷದ ತಂಡ ಕಟ್ಟಿದ್ದರು. ಎರಡು ತಿಂಗಳು ಅಭ್ಯಾಸ ಮಾಡಿದ್ದರಂತೆ. ಅಕ್ಕ ಒಪ್ಪಿದ್ದಳು, ನನಗೆ ಹೇಳಿರಲಿಲ್ಲ. ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನವನೊಬ್ಬ, ನಿಮ್ಮ ಹುಡುಗಿ ಮೈಗೆ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಕುಣಿಯುತ್ತಾಳಂತೆ ಎಂದು ಕೆಣಕಿದ. ನನ್ನ ತಲೆ ಕೆಟ್ಟಿತು. ಕ್ಲಾಸಿನಲ್ಲಿ ಕುಣಿಯುವುದು ಬೇರೆ, ಬೀದಿಯಲ್ಲಿ ಕುಣಿಯುವುದು ಬೇರೆ ಎಂದು ಆಗ ನನ್ನ ವಾದ. ಎರಡು ಟ್ರಿಪ್ಪಿನ ನಡುವೆ ಸಿಗುವ ಇಪ್ಪತ್ತು ನಿಮಿಷದಲ್ಲಿ, ಸ್ಟ್ಯಾಂಡಿನ ಹತ್ತಿರವೇ ಬಣ್ಣ ಹಾಕುತ್ತಿದ್ದ ಹಾಲ್‌ಗೆ ಹೋಗಿ ಅವಳನ್ನು ಎಳೆದುಕೊಂಡು ಬಂದೆ. ಒಂದು ಕೈ ಹೆಗಲಿನವರೆಗೆ ಹಳದಿ ಆಗಿತ್ತು, ಮೊಣಕೈವರೆಗೆ ಪಟ್ಟೆ ಬರೆದಾಗಿತ್ತು. ಹಾಗೆಯೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಹತ್ತಿದವರೆಲ್ಲ ಎಂತ, ಎಂತ ಎಂದು ಕೇಳುವವರೇ. ನನ್ನ ನಾಚಿಕೆ ಮುಚ್ಚಿಕೊಳ್ಳಲು ನಾನು ಕೂಗಿದೆ, ಅರ್ಧ ಹುಲಿ ಉಂಟು, ಕಚ್ಚುವುದಿಲ್ಲ, ಮುಂದೆ ಹೋಗಿ ಮುಂದೆ ಹೋಗಿ. ಇಡೀ ಬಸ್ಸು ನಕ್ಕಿತು. ಪ್ರತಿ ಸ್ಟಾಪಿನಲ್ಲೂ ಕೂಗಿದೆ, ಪ್ರತಿ ಸ್ಟಾಪಿನಲ್ಲೂ ನಕ್ಕರು. ಆಮೇಲೆ ಒಂದು ವರ್ಷ ಮನೆಯಲ್ಲೂ ಅವಳನ್ನು ಅರ್ಧ ಹುಲಿ ಎಂದೇ ಕರೆದೆ, ಮದುವೆ ಮನೆಗಳಲ್ಲಿ ಆ ಕಥೆ ಹೇಳಿ ನಗಿಸಿದೆ. ಅವಳು ಮೂರು ತಿಂಗಳು ನನ್ನ ಬಸ್ಸು ಬಿಟ್ಟು ಹಿಂದಿನ ಬಸ್ಸಿನಲ್ಲಿ ಹೋಗುತ್ತಿದ್ದಳು. ಟೈಮಿಂಗ್ ಸರಿ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ನಾನು ಎಂಥ ಮನುಷ್ಯ!

"ಕರೆದುಕೊಂಡು ಬಂದದ್ದಕ್ಕೆ ಅಷ್ಟು ಬೇಸರ ಇಲ್ಲ," ಎಂದಳು. "ನೀವು ನಗಾಡಿದ್ದು ಮಾಮ. ನಾನು ಆ ಕೈಯನ್ನು ಬ್ಯಾಗಿನ ಅಡಿಯಲ್ಲಿ ಇಟ್ಟುಕೊಂಡು ಕೂತಿದ್ದೆ, ನೀವು ಮತ್ತೆ ಮತ್ತೆ ಎಲ್ಲರಿಗೂ ತೋರಿಸಿದಿರಿ."

ಎರಡು ತಿಂಗಳು ನಾನು ಹಿಡಿದುಕೊಂಡಿದ್ದ ನಂಬಿಕೆ ನಿಜವೇ ಆಗಿತ್ತು. ನಾನು ಎಂಥವನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ.

ಆಮೇಲೆ ಅವಳು ನನ್ನ ಕೈ ಹಿಡಿದಳು. ಮುಖದಲ್ಲಿ ಎಷ್ಟೋ ದಿವಸದ ಮೇಲೆ ಒಂದು ನಗು. "ಈಗ ಎಂತದೂ ಇಲ್ಲ ಮಾಮ, ಎಲ್ಲ ಹೋಯಿತು. ನೀವು ಸ್ಟೇಜಿನಲ್ಲಿ ತಪ್ಪಾಯಿತು ಎಂದದ್ದು ಅದಕ್ಕೇ ಅಲ್ವಾ? ನಿಮಗೆ ನೆನಪುಂಟು ಎಂದು ನನಗೆ ಆಗ ಗೊತ್ತಾಯಿತು."

ನನ್ನ ಮನಸ್ಸಿನಲ್ಲಿ ಬಂದದ್ದು ಚೀಟಿ, ಬಿಳಿ ಟೇಪು, ಮಾತು ಮರೆಯದೆ ಹೇಳಿದ ಸಮಾಧಾನ. ಆ ಹುಡುಗಿ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ.

"ಹೌದು ಮಗಾ," ಎಂದೆ. "ಅದಕ್ಕೇ."

ಇದನ್ನು ಯಾರೂ ನನಗೆ ಬರೆದು ಕೊಟ್ಟಿರಲಿಲ್ಲ. ಪರ್ಕಳದಲ್ಲಿ ಜನ ಹತ್ತಿದರು, ನಾನು ಎದ್ದು ಟಿಕೆಟ್ ಕೊಡಲು ಹೋದೆ.

ಈಗ ಅವಳು ಉಡುಪಿಯಲ್ಲಿ ಡಿಗ್ರಿ ಓದುತ್ತಾಳೆ, ಭಾನುವಾರ ಕಾಪುವಿನ ಕ್ಲಾಸಿನಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ನನ್ನ ಬಸ್ಸಿನಲ್ಲೇ ಬರುತ್ತಾಳೆ, ಪಕ್ಕದಲ್ಲಿ ಗೆಳತಿಯರು ಇದ್ದರೆ, ಇವರೇ ನನ್ನ ಮಾಮ, ಇಡೀ ಕರ್ನಾಟಕದ ಎದುರು ನನ್ನ ಹತ್ತಿರ ಕ್ಷಮೆ ಕೇಳಿದವರು ಎಂದು ಹೆಮ್ಮೆಯಿಂದ ಹೇಳುತ್ತಾಳೆ. ನಾನು ಹಲ್ಲು ಕಿರಿಯುತ್ತೇನೆ. ನನಗೆ ನಿಜವಾಗಿ ಬೇಸರವಾಗಿದೆ, ಆ ಬಣ್ಣದ ಕೈ ಕಣ್ಣಿಗೆ ಕಟ್ಟಿ ಎಷ್ಟೋ ದಿವಸ ಊಟ ಸೇರುವುದಿಲ್ಲ. ಮಗಾ, ತಪ್ಪಾಯಿತು ಎಂದು ಒಂದು ಸಲ ಹೇಳಬೇಕು. ಆದರೆ ಈಗ ಹೇಳಿದರೆ ಆವತ್ತು ಹೇಳಿದ್ದು ಯಾವುದು ಎಂದು ಅವಳು ಕೇಳುತ್ತಾಳೆ. ಅವಳ ಮನಸ್ಸಿನಲ್ಲಿ ನಾನು ಕೇಳಿ ಆಗಿದೆ, ಅವಳು ಅತ್ತು ಕ್ಷಮಿಸಿಯೂ ಆಗಿದೆ. ಕೇಳದೆ ಉಳಿದವನು ನಾನೊಬ್ಬನೇ.